ಮದ್ದಳೆಗಾರ ಅಜ್ಜನಿಗೆ ಅಡಿಟಿಪ್ಪಣಿ ಎಲ್ಲಿಂದ ತರುವುದು?

ಕರಾವಳಿಯ ಕಾಲೇಜೊಂದರಲ್ಲಿ ನಡೆದ ವಿಕಿಪೀಡಿಯ ಕಾರ್ಯಾಗಾರದ ಎರಡನೆಯ ದಿನ, ಊಟ ಮುಗಿಸಿ ಬಂದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿ, "ಸರ್, ನನ್ನ ಅಜ್ಜನ ಪುಟವನ್ನು ಅಳಿಸಬೇಕು ಅಂತ ಯಾರೋ ಹಾಕಿದ್ದಾರೆ" ಎಂದಳು. ಬೆಳಿಗ್ಗೆಯಷ್ಟೇ ಆಕೆ ಬರೆದಿದ್ದ ಏಳು ಸಾಲಿನ ಪುಟದ ನೆತ್ತಿಯ ಮೇಲೆ ಅಳಿಸುವಿಕೆಯ ಟೆಂಪ್ಲೇಟು, ಅಂದರೆ ಈ ಪುಟವನ್ನು ತೆಗೆಯಬೇಕೆಂಬ ಸಿದ್ಧ ಸೂಚನಾಫಲಕ, ಬಂದು ಕುಳಿತಿತ್ತು. ಕಾರಣ ಹೇಳುವ ಜಾಗದಲ್ಲಿ ಇದ್ದದ್ದು ಎರಡೇ ಪದ: ಗಮನಾರ್ಹತೆ ಇಲ್ಲ.

ಆಕೆಯ ಅಜ್ಜ ನಲವತ್ತು ವರ್ಷ ಯಕ್ಷಗಾನ ಮೇಳಗಳಲ್ಲಿ ಮದ್ದಳೆ ನುಡಿಸಿದವರು. ಮೇ ಕೊನೆಯ ಪತ್ತನಾಜೆಯ ದಿನ ಮೇಳ ಗೆಜ್ಜೆ ಬಿಚ್ಚಿದ ಮೇಲೆ ಮನೆ ಸೇರಿ, ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಮತ್ತೆ ತಿರುಗಾಟಕ್ಕೆ ಹೊರಡುತ್ತಿದ್ದ ಆ ಹಿರಿಯರ ಬದುಕಿಗೆ, ಅವರ ಹೆಸರನ್ನೇ ಕೇಳಿರದ ಯಾರೋ ಒಬ್ಬರು ದೂರದಲ್ಲಿ ಕುಳಿತು "ಗಮನಾರ್ಹತೆ ಇಲ್ಲ" ಎಂದು ಬರೆದರೆ ಅದು ಮೊಮ್ಮಗಳ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆಕೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಹಾಗಾದರೆ ಯಾರು ಗಮನಾರ್ಹರು?" ಎಂದಷ್ಟೇ ಕೇಳಿದಳು. ಹತ್ತು ವರ್ಷಗಳಿಂದ ಹೊಸಬರಿಗೆ ಇದನ್ನೇ ಹೇಳಿಕೊಡುತ್ತ ಬಂದಿರುವ ನನಗೂ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ.

ಟೆಂಪ್ಲೇಟು ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಅಂಥವನ್ನು ನಾನೂ ಬೇಕಾದಷ್ಟು ಹಾಕಿದ್ದೇನೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ, ಆದರೆ ಹೊಸ ಪುಟಗಳ ಮೇಲೆ ನಿತ್ಯ ಕಣ್ಣಾಡಿಸುವವರು ಬೆರಳೆಣಿಕೆಯಷ್ಟು ಮಂದಿ. ಕಾರ್ಯಾಗಾರದ ದಿನ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ಪುಟಗಳು ಹುಟ್ಟಿಕೊಂಡಾಗ, ಅವುಗಳಲ್ಲಿ ಅರ್ಧದಷ್ಟು ತಮ್ಮ ಕಾಲೇಜಿನ, ತಮ್ಮ ನೆಚ್ಚಿನ ಯೂಟ್ಯೂಬರ್‌ನ, ಇಲ್ಲವೇ ತಮ್ಮದೇ ಪರಿಚಯಪತ್ರಗಳಾಗಿರುವಾಗ, ನೋಡುವವರ ಬೆರಳು ತಾನಾಗಿಯೇ ಟೆಂಪ್ಲೇಟಿನ ಕಡೆಗೆ ಹೋಗುತ್ತದೆ. ನನ್ನ ತಕರಾರು ಇರುವುದು ಆ ಪದದ ಬಗ್ಗೆ. "ಗಮನಾರ್ಹ" ಎಂದರೆ ಕನ್ನಡದ ಕಿವಿಗೆ ಗಮನಕ್ಕೆ ಯೋಗ್ಯವಾದದ್ದು ಎಂದೇ ಕೇಳಿಸುತ್ತದೆ. ಅದಿಲ್ಲ ಎಂದರೆ ಯೋಗ್ಯತೆಯೇ ಇಲ್ಲ ಎಂದಂತೆ. ವಿಕಿಪೀಡಿಯದ ನಿಯಮ ಕೇಳುವುದಾದರೂ ಬೇರೆಯದೇ ಪ್ರಶ್ನೆಯನ್ನು: ಈ ವಿಷಯದೊಂದಿಗೆ ಹಂಗಿಲ್ಲದ, ನಂಬಬಹುದಾದ ಬೇರೆಯವರು ಇದರ ಬಗ್ಗೆ ಸಾಕಷ್ಟು ವಿವರವಾಗಿ ಎಲ್ಲಾದರೂ ಬರೆದು ಪ್ರಕಟಿಸಿದ್ದಾರೆಯೇ? ಹೌದಾದರೆ ಪುಟ ಮಾಡಬಹುದು. ಇಲ್ಲವಾದರೆ, ವಿಷಯ ಎಷ್ಟೇ ದೊಡ್ಡದಿರಲಿ, ಸದ್ಯಕ್ಕೆ ಆಗದು.

ಹೊಸಬರಿಗೆ ಇದನ್ನು ಮನದಟ್ಟು ಮಾಡಿಸಲು ನಾನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಒಂದು ಸಂಪುಟವನ್ನು ಗ್ರಂಥಾಲಯದಿಂದ ತರಿಸಿ ಮೇಜಿನ ಮೇಲೆ ಇಡುತ್ತೇನೆ. 1969ರಲ್ಲಿ ಮೊದಲ ಸಂಪುಟ ಹೊರಬಂದು, ಒಟ್ಟು 14 ಸಂಪುಟಗಳಾಗಿ ಬೆಳೆದ ಆ ಕೋಶದಲ್ಲಿ ಯಾವ ಶೀರ್ಷಿಕೆ ಇರಬೇಕು, ಯಾವುದು ಬೇಡ ಎಂಬುದನ್ನು ವಿದ್ವಾಂಸರ ಮಂಡಳಿ ತೀರ್ಮಾನಿಸುತ್ತಿತ್ತು. ಲೇಖನದ ಕೊನೆಯಲ್ಲಿ ಕಂಸದೊಳಗೆ ಬರೆದವರ ಹೆಸರಿನ ಮೊದಲಕ್ಷರಗಳು ಇರುತ್ತವೆ. ಓದುಗರ ನಂಬಿಕೆಗೆ ಆ ಮೊದಲಕ್ಷರಗಳೇ ಜಾಮೀನು. ವಿಕಿಪೀಡಿಯದಲ್ಲಿ ಮಂಡಳಿ ಇಲ್ಲ. ಬರೆದವರು ಪ್ರಾಧ್ಯಾಪಕರೋ ಪಿಯುಸಿ ಓದುವ ಹುಡುಗನೋ ಯಾರಿಗೂ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ. ಹಾಗಾಗಿ ಆಯ್ಕೆಯ ಭಾರವೂ ನಂಬಿಕೆಯ ಭಾರವೂ ವಾಕ್ಯದ ಕೊನೆಯ ಆ ಪುಟ್ಟ ಅಂಕೆಯ ಮೇಲೆ, ಅಂದರೆ ಉಲ್ಲೇಖದ ಮೇಲೆ ಬೀಳುತ್ತದೆ. ಆ ಅಂಕೆ ಇಲ್ಲದಿದ್ದರೆ ನೀವು ಬರೆದದ್ದು ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿದ ಮಾತಿಗೆ ಸಮ, ಅದು ನಿಜವೇ ಆಗಿದ್ದರೂ.

ಯೋಗ್ಯತೆಗೂ ಈ ನಿಯಮಕ್ಕೂ ನೇರ ನಂಟಿಲ್ಲ ಎಂಬುದಕ್ಕೆ 2018ರ ಪ್ರಸಂಗವೊಂದನ್ನು ನಾನು ಯಾವಾಗಲೂ ಹೇಳುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂದ ಒಂದು ಕರಡನ್ನು, ಕೊಟ್ಟಿರುವ ಉಲ್ಲೇಖಗಳು ಗಮನಾರ್ಹತೆಯನ್ನು ತೋರಿಸುವುದಿಲ್ಲ ಎಂಬ ಕಾರಣಕ್ಕೆ ಹಿಂದಿರುಗಿಸಲಾಯಿತು. ಕರಡು ಇದ್ದದ್ದು ಕೆನಡಾದ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ. ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಪುಟ ಅದೇ ದಿನ ಸಿದ್ಧವಾಯಿತು. ಹೊಸಬರು ನಗುತ್ತಾರೆ, ನಗಲಿ. ಆದರೆ ಈ ಕಥೆಯಲ್ಲಿ ಪರಿಶೀಲಕರಿಗೂ ಪಾಠವಿದೆ. ಆಕೆ 2013ರಲ್ಲಿ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು. ಆಕರಗಳು ಹೊರಗೆ ಇದ್ದವು, ಕರಡಿನಲ್ಲಿ ಇರಲಿಲ್ಲ, ಅಷ್ಟೇ. ನಿಯಮ ಕೇಳುವುದು ಜಗತ್ತಿನಲ್ಲಿ ಆಕರ ಇದೆಯೇ ಎಂದು. ನಾವು ಅವಸರದಲ್ಲಿ ನೋಡುವುದು ಪುಟದಲ್ಲಿ ಆಕರ ಇದೆಯೇ ಎಂದು. ಅಳಿಸುವ ಟೆಂಪ್ಲೇಟು ಹಾಕುವ ಮುನ್ನ ಐದು ನಿಮಿಷ ಹುಡುಕಬೇಕು ಎಂಬ ಶಿಸ್ತನ್ನು ನಾನು ರೂಢಿಸಿಕೊಂಡದ್ದು ಆ ವರ್ಷದಿಂದ.

ಕನ್ನಡದಲ್ಲಿ ಆ ಐದು ನಿಮಿಷ ಸಾಲುವುದಿಲ್ಲ ಎಂಬುದು ಇನ್ನೊಂದು ಕಥೆ. ಹುಡುಕುಯಂತ್ರದಲ್ಲಿ ಹೆಸರು ಹಾಕಿ, ಏನೂ ಬರದಿದ್ದರೆ ಆಕರವಿಲ್ಲ ಎಂದು ತೀರ್ಮಾನಿಸುವುದು ಇಂಗ್ಲಿಷಿನಲ್ಲಿ ಸ್ವಲ್ಪಮಟ್ಟಿಗೆ ನಡೆದೀತು. ಕನ್ನಡದ ಮಟ್ಟಿಗೆ ಅದು ಬಾಗಿಲು ಮುಚ್ಚಿದ ಮನೆಯನ್ನು ಖಾಲಿ ಮನೆ ಎಂದು ತಿಳಿದ ಹಾಗೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಎಷ್ಟೋ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ, ಆದರೆ ಅವುಗಳಲ್ಲಿ ಬಹಳಷ್ಟು ಬರಿಯ ಚಿತ್ರಗಳು, ಒಳಗಿನ ಹೆಸರನ್ನು ಹುಡುಕಿ ತೆಗೆಯಲಾಗದು. ಇದರ ಮೇಲೆ ನಮ್ಮ ಕಾಗುಣಿತದ ಉದಾರತೆ ಬೇರೆ: ಒಬ್ಬರೇ ವ್ಯಕ್ತಿ ಒಂದು ಕಡೆ "ಎಚ್.", ಇನ್ನೊಂದು ಕಡೆ "ಹೆಚ್.", ಒಂದು ಕಡೆ "ಭಟ್", ಇನ್ನೊಂದು ಕಡೆ "ಭಟ್ಟ", ಮೇಳದ ಕರಪತ್ರದಲ್ಲಿ ಊರಿನ ಹೆಸರು ಮಾತ್ರ. ನಾನು ಹೊಸಬರಿಗೆ ಒಂದು ಹೆಸರನ್ನು ಕನಿಷ್ಠ ನಾಲ್ಕು ಬಗೆಯಲ್ಲಿ ಬರೆದು ಹುಡುಕಿಸುತ್ತೇನೆ. ಆಮೇಲೆ ಕಂಪ್ಯೂಟರನ್ನು ಮುಚ್ಚಿಸಿ ಗ್ರಂಥಾಲಯಕ್ಕೆ ಕಳಿಸುತ್ತೇನೆ.

ಗ್ರಂಥಾಲಯ ಎಂದಾಗ ಹೆಚ್ಚಿನವರು ಅಚ್ಚರಿಪಡುತ್ತಾರೆ, ಏಕೆಂದರೆ ಉಲ್ಲೇಖವೆಂದರೆ ಕೊಂಡಿ, ಅಂದರೆ ಒತ್ತಿದರೆ ತೆರೆದುಕೊಳ್ಳುವ ನೀಲಿ ಅಕ್ಷರ, ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿದೆ. ಹಾಗೇನೂ ಇಲ್ಲ. ಮುದ್ರಿತ ಪುಸ್ತಕಕ್ಕೂ ಹಳೆಯ ವಾರಪತ್ರಿಕೆಗೂ ಜಾಲತಾಣಕ್ಕಿರುವಷ್ಟೇ ಮಾನ್ಯತೆ ಇದೆ. ಬೇಕಾದದ್ದು ಇಷ್ಟೇ: ಇನ್ನೊಬ್ಬರು ಆ ಪುಸ್ತಕವನ್ನು ಕೈಗೆತ್ತಿಕೊಂಡು ಅದೇ ಪುಟವನ್ನು ತೆರೆಯಲು ಸಾಧ್ಯವಾಗುವಷ್ಟು ವಿವರ. ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ವರ್ಷ, ಎಷ್ಟನೆಯ ಮುದ್ರಣ, ಪುಟಸಂಖ್ಯೆ. ಪುಟಸಂಖ್ಯೆ ಇಲ್ಲದ ಪುಸ್ತಕದ ಉಲ್ಲೇಖ ನನ್ನ ಪ್ರಕಾರ ಅರ್ಧ ಉಲ್ಲೇಖ. 600 ಪುಟದ ಗ್ರಂಥವನ್ನು ಕೈಗೆ ಕೊಟ್ಟು "ಇದರಲ್ಲೆಲ್ಲೋ ಇದೆ" ಎಂದರೆ ಯಾರು ಹುಡುಕುತ್ತಾರೆ?

ಪತ್ರಿಕೆಯಾದರೆ ಇನ್ನೂ ಒಂದು ವಿವರ ಬೇಕು, ಅದನ್ನು ಹೊಸಬರು ಸಾಮಾನ್ಯವಾಗಿ ಬಿಡುತ್ತಾರೆ: ಆವೃತ್ತಿ. ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟಗಳು ಆವೃತ್ತಿಯಿಂದ ಆವೃತ್ತಿಗೆ ಬೇರೆ. ಮಂಗಳೂರಿನ ಆವೃತ್ತಿಯಲ್ಲಿ ಕಲಾವಿದರ ಬಗ್ಗೆ ಅರ್ಧ ಪುಟ ಬಂದ ದಿನವೇ ಹುಬ್ಬಳ್ಳಿಯ ಆವೃತ್ತಿಯಲ್ಲಿ ಅವರ ಹೆಸರೂ ಇರುವುದಿಲ್ಲ. ಇ-ಪೇಪರಿನ ಕೊಂಡಿ ಕೆಲವು ದಿನಗಳಲ್ಲಿ ಸತ್ತುಹೋಗಬಹುದು. ದಿನಾಂಕ, ಆವೃತ್ತಿ, ಪುಟ, ಶೀರ್ಷಿಕೆಗಳನ್ನು ಬರೆದಿಟ್ಟಿದ್ದರೆ ಕೊಂಡಿ ಸತ್ತರೂ ಉಲ್ಲೇಖ ಬದುಕಿರುತ್ತದೆ. ಜಾಲತಾಣದ ಪುಟವಾದರೆ ಅಂದೇ ಅದರ ಪ್ರತಿಯೊಂದನ್ನು, ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಆ ಕೊಂಡಿಯನ್ನೂ ಸೇರಿಸುವುದು ಒಳ್ಳೆಯದು. ಇನ್ನು, ಕೊಂಡಿಯನ್ನು ಅಂಟಿಸಿದರೆ ಉಲ್ಲೇಖವನ್ನು ತಾನೇ ತಯಾರಿಸಿಕೊಡುವ ಸೌಲಭ್ಯ ಸಂಪಾದನೆಯ ಪೆಟ್ಟಿಗೆಯಲ್ಲಿದೆಯಲ್ಲ, ಅದನ್ನು ನಾನು ಹೊಸಬರಿಗೆ ಎರಡನೆಯ ದಿನವೇ ತೋರಿಸುವುದು. ಕನ್ನಡದ ತಾಣಗಳಿಗೆ ಅದು ಲೇಖಕರ ಹೆಸರಿನ ಜಾಗದಲ್ಲಿ ಪತ್ರಿಕೆಯ ಹೆಸರನ್ನು ಕೂರಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕೈಯಿಂದ ತುಂಬಿ ಅಭ್ಯಾಸವಿದ್ದವರಿಗೆ ಮಾತ್ರ ಯಂತ್ರದ ತಪ್ಪು ಕಣ್ಣಿಗೆ ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು "ಹಂಗಿಲ್ಲದ" ಎಂಬ ಪದದ ವಿವರಣೆ. ಬ್ಲಾಗು, ಫೇಸ್‌ಬುಕ್, ಸ್ವಂತ ಜಾಲತಾಣ ಆಗದು ಎಂಬುದನ್ನು ಎಲ್ಲರೂ ಬೇಗ ಒಪ್ಪುತ್ತಾರೆ. ಆದರೆ ನಮ್ಮ ಸಾಹಿತ್ಯಲೋಕದ ಸೌಜನ್ಯಗಳು ಹೆಚ್ಚು ಸೂಕ್ಷ್ಮವಾದವು. ಕವನಸಂಕಲನದ ಬಗ್ಗೆ ಪುಟ ಬರೆದ ಹುಡುಗನೊಬ್ಬ, ಹೆಸರಾಂತ ವಿಮರ್ಶಕರು ಹಾಡಿಹೊಗಳಿದ್ದಾರೆ ಎಂದು ಉಲ್ಲೇಖ ಕೊಟ್ಟಿದ್ದ. ತೆಗೆದು ನೋಡಿದರೆ ಅದು ಅದೇ ಪುಸ್ತಕದ ಮುನ್ನುಡಿ. ಮುನ್ನುಡಿಯೂ ಬೆನ್ನುಡಿಯೂ ಲೇಖಕರು ಕೇಳಿ ಬರೆಸಿಕೊಂಡವು. ಮದುವೆಗೆ ಬಂದವರು ಊಟ ಚೆನ್ನಾಗಿದೆ ಎಂದದ್ದನ್ನು ಹೋಟೆಲಿನ ವಿಮರ್ಶೆಯೆಂದು ಯಾರೂ ಎಣಿಸುವುದಿಲ್ಲ. ಅದೇ ವಿಮರ್ಶಕರು ಬೇರೊಂದು ಪತ್ರಿಕೆಯಲ್ಲಿ ಆ ಸಂಕಲನವನ್ನು ವಿಮರ್ಶಿಸಿದ್ದರೆ, ಹೊಗಳಲಿ ತೆಗಳಲಿ, ಅದು ಆಕರ.

ಅಭಿನಂದನ ಗ್ರಂಥಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಮೊದಲು ನಾನು ಅವನ್ನು ಸಾರಾಸಗಟಾಗಿ ತಳ್ಳಿಹಾಕುತ್ತಿದ್ದೆ: ಶಿಷ್ಯರು, ಸ್ನೇಹಿತರು, ಬಂಧುಗಳು ಸೇರಿ ಹೊರತಂದ ಪುಸ್ತಕದಲ್ಲಿ ನಿಷ್ಠುರ ಮಾತು ಹೇಗೆ ಬಂದೀತು ಎಂದು. ಈಗ ಒಂದೊಂದೇ ಲೇಖನವನ್ನು ತೆಗೆದು ನೋಡುತ್ತೇನೆ. "ನಾ ಕಂಡಂತೆ ಗುರುಗಳು" ಎಂಬ ಬಗೆಯ ಬರಹದಿಂದ ಹುಟ್ಟಿದೂರು, ಓದಿದ ಶಾಲೆಗಳಂಥ ವಿವಾದವಿಲ್ಲದ ಸಂಗತಿಗಳನ್ನು ಎತ್ತಿಕೊಳ್ಳಬಹುದು, ಶ್ರೇಷ್ಠತೆಯ ಮಾತನ್ನಲ್ಲ. ಅದೇ ಗ್ರಂಥದ ಎರಡನೆಯ ಭಾಗದಲ್ಲಿ ವಿಷಯತಜ್ಞರು ಬರೆದ, ವ್ಯಕ್ತಿಯನ್ನು ಹೊಗಳುವುದನ್ನು ಬಿಟ್ಟು ಅವರ ಕ್ಷೇತ್ರವನ್ನೇ ಚರ್ಚಿಸುವ ಲೇಖನಗಳಿದ್ದರೆ ಅವು ಬಹಳ ಬೆಲೆಯುಳ್ಳವು, ಬೇರೆ ಪುಟಗಳಿಗೆ. ಪ್ರಶಸ್ತಿಗಳ ಬಗ್ಗೆಯೂ ಇಂಥದೇ ವಿವೇಚನೆ ಬೇಕು. ನವೆಂಬರ್ 1ರ ರಾಜ್ಯೋತ್ಸವ ಪ್ರಶಸ್ತಿಗೆ ಸರ್ಕಾರದ ಪಟ್ಟಿಯಿದೆ, ಪತ್ರಿಕೆಗಳ ವರದಿಯಿದೆ. ಶಾಲು, ಹಾರ, ಫಲಕದ ಜತೆಗೆ ಡಾಕ್ಟರೇಟನ್ನೂ ಒಂದೇ ಸಂಜೆಯಲ್ಲಿ ನಲವತ್ತು ಮಂದಿಗೆ ಹಂಚುವ ಸಂಸ್ಥೆಗಳೂ ಇವೆ, ಅವುಗಳ ಸುದ್ದಿಯೂ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಒಂದೇ ಸುದ್ದಿ ನಾಲ್ಕು ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿದ್ದರೆ ಅದು ಸಂಘಟಕರು ಹಂಚಿದ ಪತ್ರಿಕಾ ಪ್ರಕಟಣೆ. ನಾಲ್ಕು ಆಕರ ಎಂದು ಎಣಿಸುವಂತಿಲ್ಲ.

ಶಾಸನಗಳ ಬಗ್ಗೆ ಒಂದು ಮಾತು, ಏಕೆಂದರೆ ಊರಿನ ದೇವಸ್ಥಾನದ ಪುಟ ಬರೆಯುವವರು ನಮ್ಮಲ್ಲಿ ಬಹಳ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಶುರುವಾಯಿತು. ಹಾಸನ ಜಿಲ್ಲೆಯದು ಐದನೆಯ ಸಂಪುಟ, ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆಯೇ ಬದಲಾಗಿದೆ. ಆದ್ದರಿಂದ "ಸಂಪುಟ 5, ಶಾಸನ ಇಷ್ಟು" ಎಂದಷ್ಟೇ ಬರೆದರೆ ಓದುಗರು ಬೇರೆ ಜಿಲ್ಲೆಯ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ. ಯಾವ ಆವೃತ್ತಿ ಎಂಬುದನ್ನು ಹೇಳಲೇಬೇಕು. ಇನ್ನು, ಶಾಸನದಲ್ಲಿ ದತ್ತಿಯ ಮಾತಿದ್ದರೆ ದತ್ತಿಯನ್ನಷ್ಟೇ ಬರೆಯಬೇಕು. ಅದರಿಂದ ದೇವಸ್ಥಾನ ಕಟ್ಟಿಸಿದವರು ಯಾರು ಎಂದು ತಾವೇ ಊಹಿಸಿ ಬರೆದರೆ, ಊಹೆ ಸರಿಯಿದ್ದರೂ ಅದು ಸ್ವಂತ ಸಂಶೋಧನೆಯಾಯಿತು, ವಿಕಿಪೀಡಿಯದಲ್ಲಿ ಅದಕ್ಕೆ ಎಡೆಯಿಲ್ಲ.

ಇಷ್ಟೆಲ್ಲ ಹೇಳುವ ನನ್ನ ಕೈಯಿಂದಲೂ ಒಂದು ಅನಾಹುತವಾಗಿದೆ. ಸಂಪಾದಕನಾದ ಹೊಸತರಲ್ಲಿ ಕಂಪೆನಿ ನಾಟಕದ ನಟರೊಬ್ಬರ ಪುಟಕ್ಕೆ, ಯಾರೋ ಭಾಷಣದಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡು, ಹುಟ್ಟಿದ ವರ್ಷವನ್ನು ಸೇರಿಸಿದ್ದೆ. ಉಲ್ಲೇಖ ಕೊಡಲಿಲ್ಲ, ಇಷ್ಟು ಸಣ್ಣ ವಿವರಕ್ಕೆ ಏಕೆ ಎನಿಸಿತ್ತು. ಕೆಲವು ವರ್ಷಗಳ ನಂತರ ಮಾಸಪತ್ರಿಕೆಯೊಂದು ಆ ನಟರ ಬಗ್ಗೆ ಲೇಖನ ಪ್ರಕಟಿಸಿದಾಗ ಅದೇ ವರ್ಷ ಅಲ್ಲಿ ಅಚ್ಚಾಯಿತು. ಆಮೇಲೆ ಹೊಸ ಸಂಪಾದಕರೊಬ್ಬರು, ನಾನೇ ಕಾರ್ಯಾಗಾರದಲ್ಲಿ ಕಲಿಸಿದ ಶ್ರದ್ಧೆಯಿಂದ, ಉಲ್ಲೇಖವಿಲ್ಲದ ಆ ವರ್ಷಕ್ಕೆ ಮಾಸಪತ್ರಿಕೆಯನ್ನು ಪುಟಸಂಖ್ಯೆಯ ಸಹಿತ ಉಲ್ಲೇಖವಾಗಿ ಕೊಟ್ಟರು. ನಟರ ಮನೆಯವರು ಚರ್ಚೆಪುಟದಲ್ಲಿ ಬಂದು, ವರ್ಷ ಮೂರು ವರ್ಷ ಹಿಂದಾಗಿದೆ ಎಂದು ಬರೆದಾಗ, ನಾವು ಆಕರ ತೋರಿಸಿ ಅವರ ಮಾತನ್ನು ತಳ್ಳಿಹಾಕಿದೆವು. ಪುಟದ ಇತಿಹಾಸವನ್ನು ತೆರೆದು ಒಂದೊಂದೇ ಬದಲಾವಣೆಯನ್ನು ಹಿಂದಕ್ಕೆ ನೋಡುತ್ತ ಹೋದಾಗ, ಎಲ್ಲಕ್ಕೂ ಬುಡದಲ್ಲಿ ಸಿಕ್ಕಿದ್ದು ನನ್ನದೇ ಸದಸ್ಯನಾಮ. ಕೊನೆಗೆ ಹಳೆಯ ರಂಗಭೂಮಿಯ ಬಗೆಗಿನ ಪುಸ್ತಕವೊಂದರಲ್ಲಿ, ನಾನು ವಿಕಿಪೀಡಿಯಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಅಚ್ಚಾದದ್ದರಲ್ಲಿ, ಸರಿಯಾದ ವರ್ಷ ದೊರೆತು ತಿದ್ದಿದ್ದಾಯಿತು. ಮಾಸಪತ್ರಿಕೆಯ ಹಳೆಯ ಸಂಚಿಕೆಯನ್ನು ತಿದ್ದುವವರು ಯಾರು? ಅದು ಈಗಲೂ ಯಾವುದೋ ಗ್ರಂಥಾಲಯದ ಕಪಾಟಿನಲ್ಲಿ ನನ್ನ ತಪ್ಪನ್ನು ಹೊತ್ತು ಕುಳಿತಿದೆ.

ಅಂದಿನಿಂದ ನಾನು ಹೊಸಬರಿಗೆ ಲೇಖನ ಬರೆಯುವ ಕ್ರಮವನ್ನೇ ತಿರುಗಿಸಿ ಕಲಿಸುತ್ತೇನೆ. ಗೊತ್ತಿರುವುದನ್ನೆಲ್ಲ ಬರೆದು ಆಮೇಲೆ ಅದಕ್ಕೆ ಆಕರ ಹುಡುಕುವುದು ಬೇಡ. ಮೊದಲು ಮೂರು ಆಕರಗಳನ್ನು ಮೇಜಿನ ಮೇಲೆ ತಂದಿಡಿ. ಅವುಗಳಲ್ಲಿ ಇರುವುದನ್ನು ನಿಮ್ಮ ಮಾತಿನಲ್ಲಿ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆಯಲು ನಿಮಗೇ ಇರುವ ಪುಟದಲ್ಲಿ, ಬರೆಯಿರಿ. ಪ್ರತಿ ವಾಕ್ಯ ಮುಗಿದಾಗಲೇ ಉಲ್ಲೇಖ ಹಾಕಿ. ಆಕರದಲ್ಲಿ ಇಲ್ಲದ್ದು ನಿಮಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಬಿಡಿ. ಮೂರು ಆಕರ ಸಿಗದಿದ್ದರೆ ಗಮನಾರ್ಹತೆಯ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಕ್ಕಿತು, ಯಾರೂ ಟೆಂಪ್ಲೇಟು ಹಾಕಿ ನೋಯಿಸಬೇಕಾಗಿಲ್ಲ. ಇಂಗ್ಲಿಷಿನಿಂದ ಅನುವಾದಿಸುವವರಿಗೂ ಇದೇ ಮಾತು: ಅಲ್ಲಿಂದ ಜತೆಗೆ ಬಂದ ಉಲ್ಲೇಖವನ್ನು ತೆರೆದು ಓದದೆ ನಿಮ್ಮ ಹೆಸರಿನಲ್ಲಿ ಉಳಿಸಬೇಡಿ.

ವಿದ್ಯಾರ್ಥಿನಿಗೆ ಹೇಳಿದ್ದೂ ಇದನ್ನೇ. "ಅಜ್ಜನ ಜತೆ ಮೇಳದಲ್ಲಿದ್ದ ಇಬ್ಬರು ಈಗಲೂ ಇದ್ದಾರೆ, ಅವರ ಮಾತನ್ನು ರೆಕಾರ್ಡ್ ಮಾಡಿದರೆ ಆಗುವುದಿಲ್ಲವೇ?" ಎಂದು ಆಕೆ ಕೇಳಿದಳು. ಅದು ನ್ಯಾಯವಾದ ಪ್ರಶ್ನೆ. ಬರಹಕ್ಕಿಂತ ಬಾಯಿಮಾತಿನಲ್ಲೇ ಹೆಚ್ಚು ಉಳಿದಿರುವ ನಮ್ಮಂಥ ಸಮಾಜಗಳಲ್ಲಿ ಈ ನಿಯಮ ಯಾರನ್ನು ಹೊರಗಿಡುತ್ತದೆ ಎಂಬ ಚರ್ಚೆ ಹಳೆಯದು. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಸಂದರ್ಶನಗಳನ್ನು ಧ್ವನಿಮುದ್ರಿಸಿ ಉಲ್ಲೇಖವಾಗಿ ಬಳಸುವ ಪ್ರಯೋಗವೂ ನಡೆದಿತ್ತು. ಅದು ಎಲ್ಲೆಡೆ ಒಪ್ಪಿತವಾದ ನಿಯಮವಾಗಲಿಲ್ಲ. ರೆಕಾರ್ಡ್ ಮಾಡಿಡಿ, ಮುಂದೆ ಸಂಶೋಧಕರು ಯಾರಾದರೂ ಅದನ್ನು ಬಳಸಿ ಬರೆದಾರು, ಆಗ ಆ ಬರಹ ಆಕರವಾದೀತು ಎಂದೆ. ನನಗೇ ಆ ಉತ್ತರ ಪೂರ್ತಿ ಸಮಾಧಾನ ಕೊಡಲಿಲ್ಲ. ಪುಟವನ್ನು ಅಳಿಸುವ ಬದಲು ಆಕೆಯ ಪ್ರಯೋಗಪುಟಕ್ಕೆ ಸ್ಥಳಾಂತರಿಸುವಂತೆ ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ಕೇಳಿಕೊಂಡೆ, ನಿರ್ವಾಹಕರು ಒಪ್ಪಿದರು.

ಆರು ವಾರಗಳ ನಂತರ ಆಕೆಯಿಂದ ಎರಡು ಚಿತ್ರಗಳು ಬಂದವು. ಮೊದಲನೆಯದು ಮೇಳದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಅಜ್ಜನ ಬಗ್ಗೆ ಎರಡು ಪುಟದ ಬರಹ, ಪುಟಸಂಖ್ಯೆ ಅಚ್ಚಾಗಿಲ್ಲ. ಬರಹದ ಶೀರ್ಷಿಕೆ ಮತ್ತು ಬರೆದವರ ಹೆಸರು ಕೊಟ್ಟು "ಪುಟಸಂಖ್ಯೆ ಇಲ್ಲ" ಎಂದು ನಮೂದಿಸಿದರೆ ಸಾಕು ಎಂದು ತಿಳಿಸಿದೆ. ಮೇಳವೇ ಹೊರತಂದದ್ದಾದ್ದರಿಂದ ಅದು ಗಮನಾರ್ಹತೆಗೆ ಒದಗದು, ಆದರೆ ಮೇಳದ ಪುಟದಲ್ಲಿ ಹಿಮ್ಮೇಳದವರ ಬಗ್ಗೆ ಒಂದೆರಡು ವಾಕ್ಯ ಸೇರಿಸಲು ಧಾರಾಳವಾಗಿ ಸಾಲುತ್ತದೆ. ಎರಡನೆಯದು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ, ಕಂದಿದ ಪತ್ರಿಕೆಯ ತುಣುಕು. ಮದ್ದಳೆಯ ನುಡಿಸಾಣಿಕೆಯ ಬಗ್ಗೆ ಹೊರಗಿನವರೊಬ್ಬರು ಬರೆದ ಎರಡು ಕಾಲಮ್ಮಿನ ಲೇಖನ, ಇದು ನಿಜವಾದ ಆಕರ. ಆದರೆ ಕತ್ತರಿಸುವಾಗ ತಲೆಭಾಗ ಹೋಗಿದೆ, ಪತ್ರಿಕೆಯ ಹೆಸರಿಲ್ಲ, ದಿನಾಂಕವಿಲ್ಲ. ಹಿಂಬದಿಯ ಚಿತ್ರವನ್ನೂ ಕಳಿಸಲು ಹೇಳಿದೆ. ಹಿಂಬದಿಯಲ್ಲಿ ಅರ್ಧಕ್ಕೆ ಹರಿದ ಕ್ರಿಕೆಟ್ ಸ್ಕೋರುಪಟ್ಟಿ: ವೆಸ್ಟ್ ಇಂಡೀಸ್, ಗ್ರೀನಿಜ್ 93, ಕಾಳಿಚರಣ್ 124. ಅದು ಬೆಂಗಳೂರಿನಲ್ಲಿ 1974ರ ನವೆಂಬರ್ 22ರಂದು ಆರಂಭವಾದ ಟೆಸ್ಟ್ ಪಂದ್ಯ, ಗ್ರೀನಿಜ್ ಅವರ ಮೊದಲ ಟೆಸ್ಟ್. ಅಲ್ಲಿಗೆ ತುಣುಕು ಆ ತಿಂಗಳ ಕೊನೆಯ ವಾರದ್ದು. ಆ ವಾರದ ಕನ್ನಡ ದಿನಪತ್ರಿಕೆಗಳ ಕಟ್ಟುಗಳನ್ನು ತೆಗೆಸಿ ನೋಡಲು ಆಕೆ ಬರುವ ಶನಿವಾರ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗುತ್ತಾಳಂತೆ. ಸದ್ಯಕ್ಕೆ ಆಕೆಯ ಪ್ರಯೋಗಪುಟದಲ್ಲಿ ಏಳು ಸಾಲುಗಳ ಬದಲು ಎರಡೇ ವಾಕ್ಯಗಳಿವೆ, ಮೊದಲನೆಯದರ ಕೊನೆಯಲ್ಲಿ ಒಂದು ಅಂಕೆ ಇದೆ.